ಗಾಜಿಗೆ ಅಂಟಿಸಿದ ಮಚ್ಚೆ

ಪಾರ್ಲರಿನ ಗಾಜಿನ ಬಾಗಿಲಿಗೆ ಒಂದು ವರ್ಷದಿಂದ ಎರಡು ಕತ್ತುಗಳ ಫೋಟೋ ಅಂಟಿಸಿತ್ತು. ಎಡಗಡೆಯ ಕತ್ತಿನಲ್ಲಿ ಮಚ್ಚೆ, ಬಲಗಡೆಯದರಲ್ಲಿ ನುಣ್ಣನೆಯ ಚರ್ಮ. ಕೆಳಗೆ ದಪ್ಪಕ್ಷರದಲ್ಲಿ ‘ಹತ್ತೇ ನಿಮಿಷ, ನೋವಿಲ್ಲ, ಕಲೆಯಿಲ್ಲ’. ಎರಡೂ ಲಿಫ್ಟ್ ಮೆಕ್ಯಾನಿಕ್‌ನ ತಂಗಿಯ ಕತ್ತುಗಳೇ. ದಿನಾ ಕೆಲಸಕ್ಕೆ ಹೋಗುವಾಗ ಅದರ ಮುಂದೆ ಹಾದುಹೋಗುತ್ತಿದ್ದ ಅವನು, ‘ನೋಡ್ರೋ, ನಮ್ಮನೆ ಸಿನಿಮಾ ತಾರೆ’ ಎಂದು ಗೆಳೆಯರಿಗೆ ತೋರಿಸಿ ಬೀಗಿದ್ದೂ ಉಂಟು. ಇವತ್ತು ಅದೇ ಬಾಗಿಲನ್ನು ಒದ್ದ ಹಾಗೆ ತಳ್ಳಿಕೊಂಡು ಒಳಗೆ ಬಂದ.

ಪಾರ್ಲರ್ ಅಕ್ಕ ಹಲ್ಲಿನಲ್ಲಿ ದಾರ ಕಚ್ಚಿ ಕಾಲೇಜು ಹುಡುಗಿಯೊಬ್ಬಳ ಹುಬ್ಬು ತೀಡುತ್ತಿದ್ದರು. ಹುಡುಗಿಯ ಕೆನ್ನೆಯ ಮೇಲಿದ್ದ ಮಚ್ಚೆಗೆ ಮರಗಟ್ಟಿಸುವ ಮುಲಾಮು ಹಚ್ಚಿತ್ತು. ಪಕ್ಕದ ಟ್ರೇಯಲ್ಲಿ ಮಚ್ಚೆ ಸುಡುವ ಮಷೀನು, ಪೆನ್ನಿನಷ್ಟೇ ಸಣ್ಣದು, ಸಿದ್ಧವಾಗಿತ್ತು.

“ನನ್ನ ತಂಗಿ ಕತ್ತಿಂದ ತೆಗೆದ ಮಚ್ಚೆ ಏನ್ ಮಾಡಿದ್ರಿ?” ಎಂದ ಮೆಕ್ಯಾನಿಕ್.

ಅಕ್ಕ ದಾರ ಬಿಟ್ಟರು. “ಏನ್ ಮಾಡ್ತಾರಪ್ಪ? ಹತ್ತೀಲಿ ಒರೆಸಿ ಬುಟ್ಟಿಗೆ ಹಾಕ್ತಾರೆ. ಯಾಕೆ, ಕಲೆ ಉಳೀತಾ?”

“ಕ್ಯಾನ್ಸರ್ ಉಳೀತು.”

ಕುರ್ಚಿಯಲ್ಲಿದ್ದ ಹುಡುಗಿ ಎದ್ದು ಕೂತಳು.

ತಂಗಿಗೆ ಇಪ್ಪತ್ಮೂರು. ಬಯಲು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು, ಬೆಳಗಿನಿಂದ ಸಂಜೆವರೆಗೂ ಬಿಸಿಲಲ್ಲೇ. ಹೋದ ತಿಂಗಳು ಕತ್ತಿನಲ್ಲಿ ಗಂಟು ಕಾಣಿಸಿತು. ಪರೀಕ್ಷೆಯ ವರದಿ ನಿನ್ನೆ ಬಂತು: ಚರ್ಮದ ಕ್ಯಾನ್ಸರ್, ಎಲ್ಲೋ ಶುರುವಾಗಿ ಕತ್ತಿನ ಗ್ರಂಥಿಗೆ ಇಳಿದಿದೆ. ಆ ‘ಎಲ್ಲೋ’ ಯಾವುದೆಂದು ಡಾಕ್ಟರು ಮೈಯೆಲ್ಲ ಹುಡುಕಿದರು. ಸಿಕ್ಕಿದ್ದು ಕಿವಿಯ ಕೆಳಗೆ ಒಂದು ಬಿಳಿ ಕಲೆ ಮಾತ್ರ. ಅಲ್ಲಿದ್ದ ಮಚ್ಚೆ ಹೇಗಿತ್ತು, ಎಷ್ಟು ದೊಡ್ಡದಿತ್ತು, ತೆಗೆದವರು ಪರೀಕ್ಷೆಗೆ ಕಳಿಸಿದ್ದರೇ ಎಂದು ಕೇಳಿದಾಗ ಮನೆಯವರು ‘ಪಾರ್ಲರಿನಲ್ಲಿ ತೆಗೆಸಿದ್ದು’ ಎಂದಷ್ಟೇ ಹೇಳಿದ್ದರು.

“ಸಾಧಾರಣ ಮಚ್ಚೆ ಅದು. ಎಲ್ಲರಿಗೂ ಇರೋ ಥರದ್ದೇ. ಸುಮ್ನೆ ನನ್ನ ತಲೆಗೆ ಕಟ್ಟಬೇಡ” ಎಂದರು ಅಕ್ಕ.

ಮೆಕ್ಯಾನಿಕ್‌ನ ಮೈಯೆಲ್ಲ ಉರಿದುಹೋಯಿತು. ಬಾಗಿಲಿಗೆ ಹೋಗಿ ಫೋಟೋದ ಅಂಚಿಗೆ ಉಗುರು ಹಾಕಿ ಕಿತ್ತುತಂದು ಅವರ ಮುಖದ ಮುಂದೆ ಹಿಡಿದ. ಅಂಗೈಯಗಲ ದೊಡ್ಡದು ಮಾಡಿಸಿದ ಮಚ್ಚೆ. ಅರ್ಧ ಕಪ್ಪು, ಅರ್ಧ ಕಂದು. ಒದ್ದೆ ಕಾಗದದ ಮೇಲೆ ಮಸಿ ಬಿದ್ದ ಹಾಗೆ ಅಂಚೆಲ್ಲ ಅಡ್ಡಾದಿಡ್ಡಿ.

“ಇದು ಸಾಧಾರಣವಾ? ಚೆನ್ನಾಗಿ ಕಾಣ್ಲಿ ಅಂತ ನೀವೇ ದೊಡ್ಡದು ಮಾಡಿಸಿದ್ರಿ! ಒಂದು ವರ್ಷ ಇಡೀ ಬೀದಿಗೆ ತೋರಿಸಿದ್ರಿ! ಒಂದು ಸಲ, ಒಂದೇ ಒಂದು ಸಲ, ಡಾಕ್ಟರಿಗೆ ತೋರಿಸಿ ಬಾ ಅಂತ ಅನ್ನೋಕೆ ಬಾಯಿ ಬರ್ಲಿಲ್ವಾ?”

“ನಾನೇನು ಡಾಕ್ಟರಾ?” ಅಕ್ಕನೂ ದನಿ ಏರಿಸಿದರು. “ಮಷೀನ್ ಮಾರಿದವರು ಎರಡು ದಿನ ಕಲಿಸಿ ಹೋದ್ರು. ಹೇಗೆ ಸುಡಬೇಕು ಅಂದ್ರು, ಯಾವುದನ್ನ ಸುಡಬಾರದು ಅಂತ ಯಾರೂ ಹೇಳ್ಲಿಲ್ಲ. ನಾನೇನು ನಿನ್ನ ತಂಗೀನ ಎಳ್ಕೊಂಡು ಬಂದ್ನಾ? ತಾನೇ ಬಂದು ಈ ಕುರ್ಚೀಲಿ ಕೂತು ಅತ್ತಳು. ‘ಮನೇಲಿ ನಮ್ಮಣ್ಣ ಇರುವೆ ಇರುವೆ ಅಂತ ಆಡ್ಕೋತಾನೆ, ಕೊಳದ ಮಕ್ಕಳೂ ಹಾಗೇ ಕೂಗ್ತಾರೆ, ಇವತ್ತೇ ತೆಗೀರಿ’ ಅಂದ್ಲು. ಅದನ್ನೂ ಕೇಳ್ಕೋ.”

ಮೆಕ್ಯಾನಿಕ್ ಹಿಡಿದಿದ್ದ ಫೋಟೋ ಕೆಳಗಿಳಿಸಿದ. ಮಚ್ಚೆಗೆ ಇರುವೆ ಎಂದು ಹೆಸರಿಟ್ಟವನು ಅವನೇ. ಅಷ್ಟೇ ಆಗಿದ್ದರೆ ಸರಿಯೇನೋ. ಮಚ್ಚೆ ತೆಗೆಸುವ ಮುಂಚಿನ ಆರು ತಿಂಗಳು ಊಟಕ್ಕೆ ಕೂತಾಗಲೆಲ್ಲ, “ಏನೇ, ಇರುವೆ ದಪ್ಪ ಆಗ್ತಿದೆ, ಸಕ್ಕರೆ ಹಾಕಿ ಸಾಕ್ತಿದ್ದೀಯಾ?” ಎಂದು ನಕ್ಕಿದ್ದ. ದಪ್ಪ ಆಗುತ್ತಿರುವುದು ಅವನ ಕಣ್ಣಿಗೆ ಬಿದ್ದಿತ್ತು. ಲಿಫ್ಟಿನ ತಂತಿಯಲ್ಲಿ ಒಂದು ಎಳೆ ಸವೆದರೂ ಕೆಲಸ ನಿಲ್ಲಿಸುವವನು, ಇದನ್ನು ನೋಡಿ ತಮಾಷೆ ಮಾಡಿದ್ದ. ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಎನ್ನಿಸಿತು.

“ಡಾಕ್ಟರು ಹನ್ನೆರಡಕ್ಕೆ ಬರೋಕೆ ಹೇಳಿದ್ದಾರೆ” ಎಂದ. “ಎಷ್ಟು ಆಳ ಸುಟ್ರಿ, ಏನ್ ಕಂಡ್ರಿ, ಅವರಿಗೆ ಗೊತ್ತಾಗಬೇಕು. ಜಗಳಕ್ಕಲ್ಲ. ಬನ್ನಿ.”

ಅಕ್ಕ ಫೋಟೋವನ್ನೇ ನೋಡುತ್ತ ನಿಂತರು. ಕಾಲೇಜು ಹುಡುಗಿ ಮೆಲ್ಲಗೆ, “ಅಕ್ಕಾ, ನಂದು?” ಎಂದಳು. ಅಕ್ಕ ಒದ್ದೆ ಹತ್ತಿಯಿಂದ ಅವಳ ಕೆನ್ನೆಯ ಮುಲಾಮು ಒರೆಸಿದರು. “ಮೊದಲು ಡಾಕ್ಟರಿಗೆ ತೋರಿಸು. ನಾನು ಮುಟ್ಟಲ್ಲ” ಎಂದು ಮಷೀನಿನ ವೈರು ಕಿತ್ತು, ಬಾಗಿಲ ಬೀಗದ ಕೈ ತೆಗೆದುಕೊಂಡರು.

ಆಸ್ಪತ್ರೆಯಲ್ಲಿ ತಂಗಿಯ ಎದುರೇ ಅಕ್ಕ ಏನನ್ನೂ ಮುಚ್ಚಿಡಲಿಲ್ಲ. ಸುಟ್ಟದ್ದು, ರಕ್ತ ಬಂದದ್ದು, ಬುಟ್ಟಿಗೆ ಹಾಕಿದ್ದು, ಎಲ್ಲ ಹೇಳಿದರು. ಡಾಕ್ಟರು ಫೋಟೋ ನೋಡಿ, “ಇದು ಎಷ್ಟು ದಿನದಿಂದ ಬೆಳೀತಿತ್ತು?” ಎಂದರು.

“ಆರು ತಿಂಗಳಾದ್ರೂ ಆಗಿತ್ತು ಸಾರ್. ನಾನು ನೋಡಿದ್ದೆ. ನೋಡಿ ನಕ್ಕಿದ್ದೆ” ಎಂದ ಮೆಕ್ಯಾನಿಕ್. ಹೇಳುತ್ತಲೇ ಅತ್ತುಬಿಟ್ಟ. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅಳೋದಿದ್ರೆ ಇಬ್ರೂ ಹೊರಗೆ ಹೋಗಿ!”

ತಂಗಿ ಈಜುಕೊಳದ ಆಚೆ ದಂಡೆಗೆ ಕೇಳಿಸುವ ದನಿಯಲ್ಲಿ ಕೂಗಿದಳು. “ಕತ್ತು ನಂದು. ಒಬ್ಬ ಹೆಸರಿಟ್ಟ, ಒಬ್ರು ಸುಟ್ರು. ಈಗ ಅಳೋದೂ ನೀವೇನಾ? ಡಾಕ್ಟರೇ, ನನ್ನ ಹತ್ರ ಮಾತಾಡಿ.”

ಡಾಕ್ಟರು ಕುರ್ಚಿಯನ್ನು ಅವಳ ಕಡೆ ತಿರುಗಿಸಿಕೊಂಡರು. ಶಸ್ತ್ರಚಿಕಿತ್ಸೆ ಆಗಬೇಕು, ಔಷಧಿ ಉಂಟು, ಗುಣವಾದವರಿದ್ದಾರೆ, ಆದರೆ ಮಾತು ಕೊಡಲಾರೆ ಎಂದರು. ಅವಳು ಎಲ್ಲ ಕೇಳಿಸಿಕೊಂಡು, ಕೊನೆಗೆ ಒಂದೇ ಪ್ರಶ್ನೆ ಕೇಳಿದಳು. “ನನ್ನ ಹತ್ರ ಇಪ್ಪತ್ತೆರಡು ಮಕ್ಕಳು ಕಲೀತಾರೆ. ಅವರ ಮೈಮೇಲೆ ಏನ್ ನೋಡ್ಬೇಕು ನಾನು?”

“ಬೆಳೀತಿರೋದು, ಬಣ್ಣ ಬದಲಾಗಿರೋದು, ಅಂಚು ಕೆಟ್ಟಿರೋದು, ರಕ್ತ ಬರೋದು. ಉಳಿದ ಮಚ್ಚೆಗಳ ಥರ ಇಲ್ಲದ್ದು. ಬಿಸಿಲಲ್ಲಿ ಮೈ ಮುಚ್ಚಿಸಿ.”

ಅವಳು ಮೇಜಿನ ಮೇಲಿದ್ದ ಫೋಟೋ ಎತ್ತಿಕೊಂಡಳು. ಬಲಗಡೆಯ ನುಣ್ಣನೆಯ ಕತ್ತನ್ನು ಸರಕ್ಕನೆ ಹರಿದು ಅಣ್ಣನ ಕೈಗಿಟ್ಟಳು. ಎಡಗಡೆಯದನ್ನು ತನ್ನ ಚೀಲಕ್ಕೆ ಹಾಕಿಕೊಂಡು, “ಇದನ್ನ ಕೊಳದ ಗೋಡೆಗೆ ಅಂಟಿಸ್ತೀನಿ” ಎಂದಳು. “ನಡಿ, ಗೋಂದು ಕೊಡಿಸು.”