ಗಂಟು ಹೆಚ್ಚಾತಂತ

"ಬಾದಾಮಿ ಬ್ಯಾಡ," ಎಂದು ತ್ರ್ಯಂಬಕ ಮಾಸ್ತರರು ಬಾದಾಮಿಯ ನಾಲ್ಕೂ ಗುಹೆಗಳನ್ನು ಪೆನ್ಸಿಲ್ಲಿನ ಒಂದೇ ಗೀಟಿಗೆ ಹೊಡೆದುಹಾಕಿದರು. "ಚಾಲುಕ್ಯರು ಸಿಟ್ಟಾದ್ರ ಆಗ್ಲಿ. ವಿಜಾಪುರ ಖಾಯಂ."

ಬೆಳಿಗ್ಗೆ ಆರಕ್ಕೆ ಶುರುವಾದ ಯುದ್ಧ ಹೀಗೆ ಹತ್ತಕ್ಕೆ ಮುಗಿಯಿತು. ಎರಡೂ ಕಡೆಯ ಸೈನ್ಯ ಅವರೊಬ್ಬರೇ. ಹೆಂಡತಿ ಸಂಪದಾಬಾಯಿ ಎದುರಿಗೆ ಕೂತು ಮೆಂತ್ಯೆಸೊಪ್ಪು ಸೋಸುತ್ತಿದ್ದರು. ಹಳೆಯ ಕ್ಯಾಲೆಂಡರಿನ ಹಾಳೆಯ ಬೆನ್ನ ಮೇಲೆ ಬರುವ ಆಯಿತವಾರದ ದಿಗ್ವಿಜಯ ತಯಾರಾಗುತ್ತಿತ್ತು: ಏನು ನೋಡುವುದು, ಎಲ್ಲಿ ಕೂಡುವುದು, ಏನು ಉಣ್ಣುವುದು.

ಮಾಳಮಡ್ಡಿಯಲ್ಲಿ ಇತಿಹಾಸ ಕಲಿಸುವವರು ಕಲ್ಲು ಒಗೆದಲ್ಲಿ ಒಬ್ಬರು ಸಿಕ್ಕಾರು, ಆದರೆ ತ್ರ್ಯಂಬಕ ಮಾಸ್ತರರಂಥವರು ಮೂರು ಲೋಕಕ್ಕೆ ಒಬ್ಬರೇ. ಅವರು ಯುದ್ಧದ ಪಾಠ ಹೇಳಹತ್ತಿದರೆ ಕುದುರೆಗಳ ಧೂಳಿಗೆ ಹಿಂದಿನ ಬೆಂಚಿನವರು ಕೆಮ್ಮುತ್ತಿದ್ದರು. ಊಟವೂ ಅದೇ ಲೆಕ್ಕದ್ದು. ಬಡಿಸಿ ಬಡಿಸಿ ಪಾತೇಲಿಯ ತಳ ಕಂಡು, ಸಂಪದಾಬಾಯಿ "ಅನ್ನ ಹೆಚ್ಚಾತ್ರಿ" ಅನ್ನುವವರೆಗೆ ಅವರು ತಾಟು ಬಿಟ್ಟು ಏಳುತ್ತಿರಲಿಲ್ಲ. ಆ ಮನೆಯೊಳಗೆ 'ಇಲ್ಲ', 'ತೀರ್ತು' ಎಂಬ ಮಾತುಗಳಿಗೆ ಕಾಲಿಡಲು ಧೈರ್ಯವಿರಲಿಲ್ಲ. ಅಕ್ಕಿ ತೀರಿದರೂ ಹೆಚ್ಚಾತು, ಎಣ್ಣೆ ತೀರಿದರೂ ಹೆಚ್ಚಾತು, ಕೈಯ ಬಳೆ ಒಡೆದರೂ ಹೆಚ್ಚಾತು. ಮಾಸ್ತರರ ತಾಯಿ ಅಂಬಾಬಾಯಿ ಇದ್ದಾಗ ಹೊಸ ಸೊಸೆ ಒಮ್ಮೆ "ಸಕ್ಕರಿ ಇಲ್ಲ" ಅಂದಳೆಂದು ಏಳು ದಿನ ಆಕೆಯ ಸಂಗಡ ಮಾತು ಬಿಟ್ಟಿದ್ದರು. ಎಂಟನೆಯ ದಿನ ಸೊಸೆ ಕಲಿತಿದ್ದಳು. ಆಮೇಲೆ ಇಪ್ಪತ್ತಾರು ವರ್ಷ ನಾಲಿಗೆ ತಪ್ಪಿರಲಿಲ್ಲ.

ಮೊನ್ನೆ ಸೋಮವಾರವೂ ತಪ್ಪಲಿಲ್ಲ. ಸಂಪದಾಬಾಯಿಯ ಹೊಟ್ಟೆಯೊಳಗಿನ ಗಂಟಿಗೆ ಆರು ತಿಂಗಳು ಔಷಧ ಆದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವತ್ತು ಸ್ಕ್ಯಾನ್ ಇತ್ತು. ಮಾಸ್ತರರು ಹೋಗಿರಲಿಲ್ಲ. ಪಾಠದೊಳಗಿನ ತೋಪು-ಫಿರಂಗಿಗಳ ನಡುವೆ ಮೂವತ್ತು ವರ್ಷ ಕಳೆದ ಆ ವೀರರಿಗೆ ಫಿನಾಯಿಲ್ ವಾಸನೆಯೊಂದು ಆಗದು. ಮೊದಲ ಸಲ ಹೋದಾಗ ಬಾಗಿಲಲ್ಲೇ ಉರುಳಿ, ರೋಗಿಗಿಂತ ಮುಂಚೆ ತಾವೇ ಸಲೈನ್ ಹಚ್ಚಿಸಿಕೊಂಡಿದ್ದರು. ಮೈಸೂರು ಕಡೆಯ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಗಂಟು ಹೆಚ್ಚಾಗಿದೆಯಮ್ಮ. ಇನ್ನು ಔಷಧಿ ಕೊಟ್ಟು ನಿಮಗೆ ಹಿಂಸೆ ಕೊಡೋದು ಬೇಡ ಅನ್ಸುತ್ತೆ," ಅಂದರು. ಸಂಪದಾಬಾಯಿ ಹೊರಗೆ ಬಂದು ಮನೆಗೆ ಫೋನ್ ಹಚ್ಚಿದರು. ಎರಡು ಮಾತಾಡಿದರೆ ಅಳು ಬಂದೀತೆಂದು ಒಂದೇ ಮಾತಿನಲ್ಲಿ ಹೇಳಿದರು.

"ಗಂಟು ಹೆಚ್ಚಾತಂತ್ರಿ."

ಆ ಕಡೆಯಿಂದ ಬಂದ ಗರ್ಜನೆಗೆ ಆಸ್ಪತ್ರೆಯ ಮಾಡಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. "ಹೆಚ್ಚಾತಾ? ಪೂರಾ ಹೆಚ್ಚಾತಾ? ನಾ ಹೇಳಿದ್ದಿಲ್ಲಾ?" ಎನ್ನುತ್ತಲೇ ಫೋನ್ ಕಟ್ಟಾಯಿತು. ಇವರು ಮನೆ ಮುಟ್ಟುವ ಹೊತ್ತಿಗೆ ಮಾಸ್ತರರು ಓಣಿಗೆಲ್ಲ ಫೇಡೆ ಹಂಚಿ, ಬೀದಿಯ ನಾಯಿಗಳಿಗೂ ತಲೆಗೆರಡರಂತೆ ಕೊಟ್ಟಿದ್ದರು. ಹೊಸ್ತಿಲಲ್ಲೇ ಹೆಂಡತಿಯ ಬಾಯಿಗೂ ಒಂದು ತುರುಕಿದರು. ಬಾಯಿ ತುಂಬ ಫೇಡೆ ಇಟ್ಟುಕೊಂಡು ಏನು ಹೇಳುವುದು? ಅದನ್ನು ನುಂಗುವಷ್ಟರಲ್ಲಿ ಎದುರು ಮನೆಯ ಮೈತ್ರೇಯಿಯ ಮುಂದೆ ಮಾಸ್ತರರು ನಗುತ್ತ ನಗುತ್ತ ಅಳುತ್ತಿದ್ದರು. ಆರು ತಿಂಗಳಲ್ಲಿ ಅವರು ಅತ್ತದ್ದು ಅದೇ ಮೊದಲು. ಆ ಹೊತ್ತಿಗೆ ಹೇಳಲಾಗಲಿಲ್ಲ. ಮಂಗಳವಾರ, ಬುಧವಾರ ಕೂಡ ಆಗಲಿಲ್ಲ. ಇವತ್ತು ಗುರುವಾರ.

"ಮೊದಲ ಗೋಲಗುಮ್ಮಟ," ಎಂದು ಮಾಸ್ತರರು ಬರೆದರು. "ಏಳು ಅಂತಸ್ತು. ಈಗೇನು, ನೀ ಓಡಿ ಹತ್ತತಿ. ನಾ ಹಿಂದ ಬೀಳ್ತೇನಿ. ಮ್ಯಾಲೆ ಹೋದಮ್ಯಾಲೆ ನಾ ಈ ಕಡೆ ನಿಲ್ತೇನಿ, ನೀ ಆ ಕಡೆ ನಿಂದ್ರು. ಗ್ವಾಡಿಗೆ ಬಾಯಿ ಹಚ್ಚಿ ಪಿಸು ಅಂದ್ರ ಸಾಕು, ಇಲ್ಲೆ ನನ್ನ ಕಿವ್ಯಾಗ ಅಂದ್ಹಂಗ ಆಗ್ತದ."

ಸಂಪದಾಬಾಯಿ ಒಂದು ಕಡ್ಡಿಯನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. "ಅಷ್ಟ ದೂರ ನಿಂತರ ಹೇಳಲಿಕ್ಕೆ ಬಂದೀತು," ಅಂದರು.

"ಏನ ಹೇಳೂದದ?"

"ಅಲ್ಲೇ ಹೇಳ್ತೇನಿ."

"ನೋಡ ಮತ್ತ. ಲಗ್ನಾಗಿ ಇಪ್ಪತ್ತಾರ ವರ್ಷಕ್ಕ ಈಕಿಗೆ ಪ್ರೀತಿ ಬಂತು. ಅದೂ ಬಾದಶಹಾನ ಗೋರಿ ಮ್ಯಾಲೆ."

"ನನಗ ಬಾರಾ ಕಮಾನ ತೋರಸ್ರಿ. ಸಣ್ಣಾಕಿ ಇದ್ದಾಗ ಸಾಲಿಯಿಂದ ಹೋಗಿದ್ವಿ."

"ಅದರಾಗ ಏನದ ನೋಡಲಿಕ್ಕೆ? ಅರ್ಧಾ ಕಟ್ಟಿ ಬಿಟ್ಟಾರ. ಮ್ಯಾಲೆ ಛಾವಣಿ ಸೈತ ಇಲ್ಲ."

"ಇರ್ಲ್ರಿ. ಬಯಲಾಗ ಸುಮ್ಮನ ಕೂಡಲಿಕ್ಕೆ ಛಲೋ."

ಮಾಸ್ತರರು ದೊಡ್ಡ ಮನಸ್ಸು ಮಾಡಿ ಪಟ್ಟಿಯ ಕೊನೆಗೆ ಬಾರಾ ಕಮಾನನ್ನು ಸೇರಿಸಿ ಊಟದ ಯಾದಿಗೆ ಇಳಿದರು. ಆ ಊಟ ಹಾಳೆಯ ಅಂಚು ದಾಟಿ ಜಮಖಾನೆಯ ಮೇಲೆ ಹರಿಯುವಂತಿತ್ತು: ಖಡಕ್ ರೊಟ್ಟಿ, ಬಿಸಿ ರೊಟ್ಟಿ, ಎಣಗಾಯಿ, ಮೂರು ನಮೂನೆಯ ಕಾಳು, ಆರು ನಮೂನೆಯ ಚಟ್ನಿ, ತಲೆಗೆ ಎಂಟೆಂಟು ಶೇಂಗಾ ಹೋಳಿಗೆ.

"ನನಗ ಮೊಸರನ್ನ ಆದ್ರ ಸಾಕ್ರಿ."

"ಮೊಸರನ್ನ? ಯುದ್ಧ ಗೆದ್ದ ರಾಣಿ ಮೊಸರನ್ನ ಉಂಡಿದ್ದು ಯಾವ ಇತಿಹಾಸದಾಗ ಬರದಾರ?"

ಅಷ್ಟರಲ್ಲಿ ಕಾರಿನ ಶಿದ್ದಪ್ಪ ಬಂದ. ಸುಳ್ಳ ಎಂಬ ಊರಿನವನು. ಸೋಮವಾರ ಸಂಪದಾಬಾಯಿಯವರನ್ನು ಹುಬ್ಬಳ್ಳಿಗೆ ಕರೆದೊಯ್ದು ಕರೆತಂದವನೂ ಅವನೇ. ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಅವರು ಒಂದೂ ಮಾತಾಡಿರಲಿಲ್ಲ, ಅವನೂ ಒಂದೂ ಕೇಳಿರಲಿಲ್ಲ.

"ಬಾರೋ ಸುಳ್ಳದಾವನ. ಊರಷ್ಟ ಸುಳ್ಳ, ಮಾತು ಮಾತ್ರ ಖರೇ. ಆಯಿತವಾರ ನಸಿಕಿನ್ಯಾಗ ಗಾಡಿ ಹಚ್ಚಬೇಕು. ವಿಜಾಪುರ."

ಶಿದ್ದಪ್ಪ ಟೋಪಿ ತೆಗೆದು ಬಾಗಿಲ ಬಳಿ ಕೂತ. "ಬರ್ತೇನ್ರಿ ಸರ. ಆದ್ರ ಆ ಕಡೆ ಬಿಸಲ ಭಾಳ ಹೆಚ್ಚಾಗೇತಿ. ಅಕ್ಕಾರಿಗೆ ತಡ್ಯಾಂಗಿಲ್ಲೇನೋ."

ಮಾಸ್ತರರು ತೊಡೆ ತಟ್ಟಿ ನಕ್ಕರು. ಆ ನಗೆಗೆ ಗೂಟದ ಮೇಲಿನ ಕೊಡೆ ಅಲ್ಲಾಡಿತು. "ಹೆಚ್ಚಾಗ್ಯದ ಅಂದ್ರ ಛಲೋನ ಆತಲ್ಲೋ. ನಮ್ಮ ಮನ್ಯಾಗ ಹೆಚ್ಚಾತು ಅಂದ್ರ ತೀರ್ತು ಅಂತ. ಬಿಸಲು ತೀರ್ತು, ನಡೀ ಇನ್ನ."

"ನಮ್ಮನ್ಯಾಗೂ ನಮ್ಮವ್ವ ಸತ್ಯವ್ವ ಹಂಗ ಅಂತಾಳ್ರಿ," ಎಂದು ಶಿದ್ದಪ್ಪನೂ ನಕ್ಕ. "ಆದ್ರ ಅದು ಅಕ್ಕಿ, ಜ್ವಾಳ, ಕೈಯಾನ ಬಳಿಗೆ ಅಷ್ಟರಿ. ಮನ್ಯಾಗ ಇರಲಿ ಅಂತ ಬೇಡೂ ವಸ್ತುಕ್ಕ. ಬಿಸಲಿಗೆ, ಬ್ಯಾನಿಗೆ ಯಾರರ ಹಂಗ ಅಂತಾರೇನ್ರಿ ಸರ? ಬ್ಯಾನಿ ಹೆಚ್ಚಾತು ಅಂದ್ರ ಹೆಚ್ಚ..."

ಅಲ್ಲಿಗೆ ನಿಲ್ಲಿಸಿದ. ಅವನು ಸಂಪದಾಬಾಯಿಯ ಕಡೆ ನೋಡಿದ. ಸಂಪದಾಬಾಯಿ ಬಗ್ಗಿ ಸೊಪ್ಪು ಸೋಸುತ್ತಲೇ ಇದ್ದರು.

ಮಾಸ್ತರರ ಪೆನ್ಸಿಲ್ಲು ಹಾಳೆಯ ಮೇಲೆ ನಿಂತಿತ್ತು. ಅವರು ಹೆಂಡತಿಯ ಕೈಗಳನ್ನು ನೋಡಿದರು. ಬುಟ್ಟಿಯಲ್ಲಿ ಬರೀ ಕಡ್ಡಿಗಳಿದ್ದವು. ಎಲೆಗಳೆಲ್ಲ ಕಸದ ಕಾಗದದ ಮೇಲೆ ಬಿದ್ದಿದ್ದವು. ಎಷ್ಟು ಹೊತ್ತಿನಿಂದ ಹಾಗೆ ನಡೆದಿತ್ತೋ.

ಹೊರಗೆ ಮೊಸರಿನಾಕೆ ಕೂಗಿಕೊಂಡು ಹೋದಳು.

"ಶಿದ್ದಪ್ಪ," ಎಂದರು ಮಾಸ್ತರರು. ದನಿ ಆ ಕೋಣೆಯಷ್ಟೇ ಇತ್ತು. "ಐದಕ್ಕ ಬಾ. ಬಿಸಲೇರೂದ್ರಾಗ ಮುಟ್ಟೂಣು. ಸಾವಕಾಶ ಹೊಡಿ. ಹಿಂದಿನ ಸೀಟಿಗೆ ಒಂದು ದಿಂಬು ಹಾಕು."

"ಹೂಂನ್ರಿ," ಎಂದು ಶಿದ್ದಪ್ಪ ಎದ್ದ. ಟೋಪಿಯನ್ನು ಮರೆತು ಹೋದವನು ತಿರುಗಿ ಬಂದು, ಯಾರ ಮುಖವನ್ನೂ ನೋಡದೆ ತೆಗೆದುಕೊಂಡು ಹೋದ.

ಸಂಪದಾಬಾಯಿ ಬುಟ್ಟಿ ಎತ್ತಿಕೊಂಡು ಒಳಗೆ ನಡೆದರು. ಮೆಂತ್ಯೆಪಲ್ಲೆ ಆಗಲಿಲ್ಲ. ಬೇಳೆಯ ಹುಳಿ, ಅನ್ನ ಮಾಡಿದರು. ಆ ಎರಡು ತಾಸು ನಡುಮನೆಯಿಂದ ಸಪ್ಪಳವಿರಲಿಲ್ಲ. ಓಣಿಯವರು ಮಾಸ್ತರರು ಊರಲ್ಲಿಲ್ಲವೆಂದು ತಿಳಿದಿರಬೇಕು.

ಒಂದು ಗಂಟೆಗೆ ಮಾಸ್ತರರು ತಾಟಿನ ಮುಂದೆ ಕೂತರು. ಮೊದಲ ಸಲದ ಅನ್ನ ಉಂಡರು. ಎರಡನೆಯದನ್ನೂ ಉಂಡರು. ಉಪ್ಪು ಹಾಕುವುದನ್ನು ಸಂಪದಾಬಾಯಿ ಮರೆತಿದ್ದರು, ಮಾಸ್ತರರು ಕೇಳಲಿಲ್ಲ. ಮೂರನೆಯ ಸಲಕ್ಕೆ ಸೌಟು ಪಾತೇಲಿಯ ತಳಕ್ಕೆ ತಾಗಿ ಕರ್ ಎಂದಿತು. ಮಾಸ್ತರರು ಎಡಗೈಯನ್ನು ತಾಟಿನ ಮೇಲೆ ಅಡ್ಡ ಹಿಡಿದರು.

"ಸಾಕು."

"ಇನ್ನೂ ಅದರೀ," ಎಂದರು ಸಂಪದಾಬಾಯಿ.

"ಅದ ಅಲ್ಲಾ? ಇರ್ಲಿ."

ಇಪ್ಪತ್ತಾರು ವರ್ಷದಲ್ಲಿ ಅವರು ಸಾಕು ಅಂದದ್ದು ಇದೇ ಮೊದಲು. ಮಾಸ್ತರರು ತಾಟಿಗೆ ಕೈಮುಗಿದು ಎದ್ದು ಹಿತ್ತಲಿಗೆ ಹೋದರು. ಕೈ ತೊಳೆಯುವ ನೀರು ಬಹಳ ಹೊತ್ತು ಬೀಳುತ್ತಲೇ ಇತ್ತು.

ನಡುಮನೆಯ ಜಮಖಾನೆಯ ಮೇಲೆ ಕ್ಯಾಲೆಂಡರಿನ ಹಾಳೆ ಹಾಗೇ ಬಿದ್ದಿತ್ತು. ಗೋಲಗುಮ್ಮಟಕ್ಕೆ ಗೀಟು ಬಿದ್ದಿತ್ತು. ಬಾರಾ ಕಮಾನು ಮೇಲಕ್ಕೆ ಬಂದಿತ್ತು. ರೊಟ್ಟಿ, ಹೋಳಿಗೆ, ಚಟ್ನಿಗಳನ್ನೆಲ್ಲ ರಬ್ಬರಿನಿಂದ ತಿಕ್ಕಿ ಅಳಿಸಿದ ಜಾಗದಲ್ಲಿ, ಕರಿಹಲಗೆಯ ಮೇಲೆ ಬರೆಯುವಂಥ ದೊಡ್ಡ ದುಂಡು ಅಕ್ಷರಗಳಲ್ಲಿ ಬರೆದಿತ್ತು: ಮೊಸರನ್ನ, ಇಬ್ಬರಿಗೂ.

ಸಂಪದಾಬಾಯಿ ಅದನ್ನು ಓದಿ ಇದ್ದಲ್ಲೇ ಇಟ್ಟು ಅಡಿಗೆಮನೆಗೆ ಬಂದರು. ಪಾತೇಲಿಯ ತಳದಲ್ಲಿ ಒಂದು ಸೌಟಿನಷ್ಟು ಅನ್ನ ಉಳಿದಿತ್ತು. ಅದನ್ನು ಸೌಟಿನಿಂದ ಮೆಲ್ಲಗೆ ನಡುವಿಗೆ ಕೂಡಿಸಿ, ಮೇಲೆ ತಟ್ಟೆ ಮುಚ್ಚಿದರು.