ಚೀರಲು ಎರಡು ತಾಸು

ದೆವ್ವದ ಸಿನಿಮಾ ನೋಡುವವರು ಯಾರು ಎಂದರೆ ಎಲ್ಲರೂ ಕಾಲೇಜು ಹುಡುಗರ ಕಡೆ ಬೊಟ್ಟು ಮಾಡುತ್ತಾರೆ. ಸುಳ್ಳು. ಲಕ್ಷ್ಮೇಶ್ವರದ ನಮ್ಮ ಓಣಿಯಲ್ಲಿ ನೋಡುವವರು ಮೂವರು ಹೆಂಗಸರು: ಶಾರದವ್ವ ಎಂಬ ನಾನು, ನನ್ನ ಸೊಸೆ ಕಾಂಚನಾ, ಪಕ್ಕದ ಮನೆಯ ಮುತ್ತವ್ವ. ನಮ್ಮ ಯಜಮಾನರು ಮಧ್ಯಾಹ್ನ ಉಂಡು ಕಿರಾಣಿ ಅಂಗಡಿಗೆ ಹೊರಟರೆ ಸಂಜೆಯವರೆಗೆ ಬರುವುದಿಲ್ಲ. ಎರಡು ತಾಸು ಟೀವಿ ನಮ್ಮದು.

ಅಂಜಿಕೆ ಅಷ್ಟೇನೂ ಆಗುವುದಿಲ್ಲ. ಬಾಗಿಲ ಹಿಂದೆ ಬಿಳಿ ಸೀರೆಯವಳು ನಿಂತಿದ್ದಾಳೆಂದು ನಮಗೆ ಮೊದಲೇ ಗೊತ್ತು. ನಮಗೆ ಬೇಕಾದದ್ದು ಚೀರುವುದು. ಈ ಮನೆಗೆ ಬಂದು ಮೂವತ್ತೆರಡು ವರ್ಷವಾಯಿತು, ಯಜಮಾನರ ಎದುರು ನಾನು ದನಿ ಎತ್ತಿದವಳಲ್ಲ. ಕಾಂಚನಾ ಅಂತೂ ಮಾವನ ಮುಂದೆ ತಲೆಯ ಸೆರಗು ಸರಿಸಿದವಳಲ್ಲ, ಬಾಯಿ ಬಿಟ್ಟವಳೂ ಅಲ್ಲ. ಏನಿದ್ದರೂ ನನ್ನ ಮೂಲಕ. ಹೊಡೆದು ಬಡಿದು ಕಲಿಸಿದ್ದಲ್ಲ, ಪದ್ಧತಿ. ದೆವ್ವದ ಸಿನಿಮಾ ನೋಡುವಾಗ ಎಷ್ಟು ಚೀರಿದರೂ ಯಾಕೆಂದು ಯಾರೂ ಕೇಳುವುದಿಲ್ಲ.

ಆ ವಾರ ಕಾಂಚನಾಗೆ ಚೀರಲು ಕಾರಣವೂ ಇತ್ತು. ಗದಗಿನಲ್ಲಿ ಬಿ.ಎಡ್. ಸೀಟು ಸಿಕ್ಕಿತ್ತು, ಸೇರಲು ಸೋಮವಾರ ಕಡೆಯ ದಿನ. ಅವಳ ಪರವಾಗಿ ನಾನು ಎರಡು ಸಲ ಕೇಳಿದೆ. “ಬ್ಯಾಡ ಅಂದ್ರ ಬ್ಯಾಡ” ಎಂದರು ಯಜಮಾನರು. ಹೆಂಡತಿ ಓದಲಿ ಎಂದು ನನ್ನ ಮಗ ಮುತ್ತಣ್ಣನಿಗೂ ಆಸೆಯಿದೆ, ಆದರೆ ಅಪ್ಪನ ಎದುರು ಅವನ ನಾಲಿಗೆ ಏಳುವುದಿಲ್ಲ.

ಶುಕ್ರವಾರ ಮಧ್ಯಾಹ್ನ ಕಾಂಚನಾ ತಲೆಗೆ ಎರೆದುಕೊಂಡು, ಕೂದಲು ಹರವಿಕೊಂಡು ಟೀವಿ ಮುಂದೆ ಕೂತಿದ್ದಳು. ದೆವ್ವ ಬಂದದ್ದೇ ತಡ, ಎದ್ದು ನಿಂತು ಚೀರಿದಳು. ಕನ್ನಡಕ ಮರೆತು ಹೋಗಿದ್ದ ಯಜಮಾನರು ಅದೇ ಹೊತ್ತಿಗೆ ಹೊಸ್ತಿಲ ಮೇಲೆ! ಮುತ್ತವ್ವ ಗಾಬರಿಯಾಗಿ ಟೀವಿ ಬಂದ್ ಮಾಡಿಬಿಟ್ಟಳು. ಅವರಿಗೆ ಕಂಡದ್ದು ಇಷ್ಟೇ: ಕೂದಲು ಬಿಚ್ಚಿಕೊಂಡು, ಗೋಡೆಗೆ ಮುಖ ಮಾಡಿ ಚೀರುತ್ತಿರುವ ಸೊಸೆ.

“ಏನಾತವ್ವಾ?” ಎಂದರು. ಪದ್ಧತಿಯಂತೆ ಅವಳು ಉತ್ತರ ಕೊಡಲಿಲ್ಲ. ನಾನೂ ಸುಮ್ಮನಿದ್ದೆ, ಸಿನಿಮಾ ಎಂದರೆ ನಾಳೆಯೇ ಡಿಶ್ ಕೀಳಿಸುತ್ತಾರೆ. ಅವರು ಬಂದ ಕಾಲಲ್ಲೇ ಹೋಗಿ, ಒಂದು ತಾಸಿನಲ್ಲಿ ಅಡರಕಟ್ಟಿಯ ಹೇಮಪ್ಪನನ್ನು ಬೈಕಿನ ಮೇಲೆ ಕರೆತಂದರು. ದೆವ್ವ ಬಡಿದವರಿಗೆ ಭಸ್ಮ ಹಚ್ಚಿ ಬಿಡಿಸುವವನು ಅವನು.

ಹೇಮಪ್ಪ ಸೊಸೆಯ ಹಣೆಗೆ ಭಸ್ಮ ಹಚ್ಚಿ, ಯಜಮಾನರ ಕಡೆ ತಿರುಗಿ, “ದೊಡ್ಡದ ಬಡದೈತ್ರಿ ಕೊಟ್ರಪ್ಪನವರ. ಮನಿ ಹಿರ್ಯಾರು ನೀವ ಕೇಳ್ರಿ, ಏನು ಬೇಕಂತ. ಅದು ಕೇಳಿದ್ದು ಇಲ್ಲ ಅನಬಾರದು” ಎಂದ.

ಯಜಮಾನರು ಕೈ ಮುಗಿದರು. ಮನೆಯ ಹೆಂಗಸಿಗೆ ಅವರು ಕೈ ಮುಗಿದದ್ದನ್ನು ನಾನು ಅಂದೇ ನೋಡಿದ್ದು. “ಯಾರವ್ವಾ ನೀ? ಏನು ಬೇಕು ಕೇಳು ತಾಯಿ, ಕೊಡ್ತೀನಿ.”

ನಾನು ಸೊಸೆಯ ತೊಡೆ ಚಿವುಟಿದೆ. ಕೂದಲು ಎರಡು ಸಲ ಬೀಸಿ ಕೇಳಿಬಿಡೇ ಮಾರಾಯ್ತಿ, ಇಷ್ಟು ಸಿನಿಮಾ ನೋಡಿದ್ದು ಯಾತಕ್ಕೆ! ಅವಳು ನನ್ನ ಮುಖ ನೋಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಮೊದಲ ಸಲ ಮಾವನೊಂದಿಗೆ ಮಾತಾಡಿದಳು.

“ನಾನ ಕಾಂಚನಾ ರೀ ಮಾವಾರ. ದೆವ್ವಗಿವ್ವ ಏನಿಲ್ರಿ, ಟೀವಿ ನೋಡಿ ಚೀರಿದ್ನಿ. ನಾ ಬಿ.ಎಡ್. ಓದಬೇಕ್ರಿ.”

ಯಜಮಾನರ ಕೈ ಕೆಳಗಿಳಿಯಿತು. “ಅದಕ್ಕ ಬ್ಯಾಡ ಅಂದೀನಲ್ಲ” ಎಂದು ಚಪ್ಪಲಿ ಮೆಟ್ಟಲು ಹೋದರು.

ನನ್ನ ಮೈ ಉರಿಯಿತು.

“ನಿಂದರ್ರಿ!” ಎಂದೆ. ನನ್ನ ದನಿ ಓಣಿಗೆಲ್ಲ ಕೇಳಿತಂತೆ. “ಅಕಿ ಬಾಯಾಗ ದೆವ್ವ ಕೇಳಿದ್ರ ಕೈ ಮುಗದು ಕೊಡ್ತಿದ್ರಿ. ಅಕಿನ ಕೇಳಿದ್ರ ಕೊಡೂದಿಲ್ಲೇನು?”

ಹೇಮಪ್ಪ ಭಸ್ಮದ ಚೀಲ ಹಿಡಿದು ನನ್ನ ಕಡೆ ತಿರುಗಿದ. “ಈಗ ಅಕ್ಕಾರ ಮೈಮ್ಯಾಲೆ ಬಂತು ನೋಡ್ರಿ.”

ಯಜಮಾನರು ನನ್ನನ್ನೇ ದಿಟ್ಟಿಸಿದರು. ಈ ಸಲ ನಿಜಕ್ಕೂ ಅಂಜಿದ್ದರು. “ಶಾರದಾ, ಖರೇನ ನೀನ ಮಾತಾಡಾಕತ್ತೀಯೇನು?”

“ಹೂಂ ರೀ, ನಾನ. ಸೋಮವಾರ ಇಕಿನ್ನ ಕರಕೊಂಡು ಗದಗಿಗೆ ಹೋಗ್ತೀನಿ.”

ಅವರು ಸೊಸೆಯನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ಹೇಮಪ್ಪನ ಪಕ್ಕ ಕೂತುಬಿಟ್ಟರು.

“ದೆವ್ವ ಇದ್ದಿದ್ರ ಚಲೋ ಇತ್ತಲ್ಲೋ ಹೇಮಪ್ಪಾ,” ಎಂದರು. “ಒಂದು ನಿಂಬಿಹಣ್ಣಿಗೆ ಹೋಗ್ತಿತ್ತು.”

ಸೋಮವಾರ ಏಳೂವರೆಯ ಬಸ್ಸಿಗೆ ನಾವಿಬ್ಬರೂ ಹೊರಟೆವು. ಅವರು ಬೇಡ ಎನ್ನಲಿಲ್ಲ.