ಮುಖ ಮಾತ್ರ ಮಸುಕು

ಪತ್ರಿಕೆಯ ಪುಟ ಕಟ್ಟುವವನಿಗೆ ಸುದ್ದಿ ಓದುವ ಪುರುಸೊತ್ತು ಎಲ್ಲಿಂದ ಬರಬೇಕು? ಅವನ ಕಣ್ಣಿಗೆ ಸಾವೂ ಮದುವೆಯೂ ಇಷ್ಟಗಲ, ಇಷ್ಟುದ್ದ, ಅಷ್ಟೇ. ಆದರೆ ಆ ಸಂಜೆ ಮುಖಪುಟಕ್ಕೆ ಬಂದ ಚಿತ್ರ ನೋಡಿ ಅವನು ಕೆಲಸ ನಿಲ್ಲಿಸಿದ. ಆಸ್ಪತ್ರೆಯ ಮಂಚದ ಮೇಲೆ ಕೂತಿದ್ದವಳು ಅಕ್ಕನ ಮಗಳು. ಹಳದಿ ಫ್ರಾಕಿನ ಜೇಬಿಗೆ ಅಕ್ಕ ಹೊಲಿದಿದ್ದ ಬಟ್ಟೆಯ ಮೊಲವೂ ಕಾಣುತ್ತಿತ್ತು. ಮೇಲೆ ಶೀರ್ಷಿಕೆ: ‘ಪ್ರಯೋಗಪಶುಗಳಾದ ಮಕ್ಕಳು!’

ಹುಡುಗಿಗೆ ಹುಟ್ಟಿನಿಂದಲೂ ಸ್ನಾಯುಗಳ ಕಾಯಿಲೆ. ಹೊಸ ಔಷಧದ ಪರೀಕ್ಷೆಗೆ ಅಕ್ಕ ಎಲ್ಲವನ್ನೂ ಕೇಳಿ ತಿಳಿದೇ ಸೇರಿಸಿದ್ದಳು. ಈಚೆಗೆ ಮಗು ತಾನೇ ಲೋಟ ಎತ್ತಿ ನೀರು ಕುಡಿಯತೊಡಗಿತ್ತು.

“ಸಾರ್, ಇವಳು ನಮ್ಮಕ್ಕನ ಮಗಳು. ಇವಳಿಗೆ ಒಳ್ಳೇದೇ ಆಗಿದೆ” ಎಂದ ಸಂಪಾದಕರಿಗೆ.

ಪಕ್ಕದಲ್ಲಿದ್ದ ವರದಿಗಾರ್ತಿ ಸಿಡುಕಲಿಲ್ಲ. “ಅದೇ ವಾರ್ಡಲ್ಲಿ ಒಂದು ಮಗು ತೀರಿಕೊಂಡಿದೆ ಅಣ್ಣಾ. ಇದು ಪರೀಕ್ಷೆ ಅಂತ ಆ ತಾಯಿಗೆ ಯಾರೂ ಹೇಳೇ ಇಲ್ಲ. ನಾನು ಬರೀಬಾರದಾ?”

ಅವನು ಅವಳತ್ತ ತಿರುಗಿದ. “ಬರಿಯಮ್ಮಾ. ಆದ್ರೆ ಎಲ್ಲಾ ಮಕ್ಕಳನ್ನೂ ಪಶು ಅನ್ಬೇಕಾ? ಈ ಚಿತ್ರನಾದ್ರೂ ಬಿಡಿ.”

“ಚಿತ್ರ ಇಲ್ದೆ ಯಾರು ಓದ್ತಾರೆ? ಮುಖ ಮಸುಕು ಮಾಡಿಬಿಡು, ಮುಗೀತು” ಎಂದರು ಸಂಪಾದಕರು.

ಅವನು ಕೈಯಾರೆ ಮಸುಕು ಮಾಡಿದ. ತಾನು ಮಾಡದಿದ್ದರೆ ಪಕ್ಕದ ಕುರ್ಚಿಯವನು ಮಾಡುತ್ತಿದ್ದ ಎಂದು ಸಮಾಧಾನವನ್ನೂ ಹೇಳಿಕೊಂಡ.

ಬೆಳಿಗ್ಗೆ ಪತ್ರಿಕೆ ಬಂದಾಗ ಜೇಬಿನ ಮೊಲ ಗುಟ್ಟು ಬಿಟ್ಟುಕೊಟ್ಟಿತು. ಹೆತ್ತ ಮಗಳನ್ನೇ ಪ್ರಯೋಗಕ್ಕೆ ಕೊಟ್ಟಳಂತೆ ಎಂದು ಬೀದಿಯೆಲ್ಲ ಅಕ್ಕನನ್ನು ಆಡಿಕೊಂಡಿತು. ಗಲಾಟೆ ಜೋರಾಗಿ, ತನಿಖೆ ಮುಗಿಯುವತನಕ ಔಷಧವನ್ನು ಯಾರಿಗೂ ಕೊಡಕೂಡದೆಂದು ಆದೇಶ ಬಂತು. “ನನ್ನ ಕೈ ಕಟ್ಟಿಹಾಕಿದ್ದಾರಮ್ಮಾ” ಎಂದರು ಡಾಕ್ಟರು. ವಾರಗಳು ಉರುಳಿದವು. ಅಕ್ಕನೆದುರು ನಿಲ್ಲಲು ತಮ್ಮನಿಗೆ ಮುಖವಿರಲಿಲ್ಲ.

ಕೊನೆಗೂ ಅವಳ ಮನೆಗೆ ಹೋದಾಗ ಲೋಟ ಮತ್ತೆ ಅಕ್ಕನ ಕೈಗೆ ಬಂದಿತ್ತು. ಮಗಳಿಗೆ ಗುಟುಕು ಗುಟುಕಾಗಿ ನೀರು ಕುಡಿಸುತ್ತಲೇ ಹೇಳಿದಳು: “ಆ ತಾಯೀನ ಕೇಳಲಿಲ್ಲ ಅಂತ ಬರೆದ್ರಿ. ಸರಿಯೇ. ಚಿತ್ರ ಹಾಕೋವಾಗ ನನ್ನನ್ನ ಯಾರು ಕೇಳಿದ್ರೋ?”

ಹುಡುಗಿ ದಿಂಬಿನಡಿಯಿಂದ ಆ ಪುಟವನ್ನು ಅಮ್ಮನ ಕೈಲಿ ತೆಗೆಸಿದಳು. “ಮಾವ, ಕಳ್ಳರ ಮುಖ ಅಲ್ವಾ ಹೀಗೆ ಅಳಿಸೋದು? ನಾನೇನು ತಪ್ಪು ಮಾಡಿದೆ?”

“ನೀನೇನೂ ಮಾಡಿಲ್ಲ ಪುಟ್ಟಿ. ಅಳಿಸಿದ್ದು ನಾನೇ.”

“ಹಾಗಾದ್ರೆ ನೀನೇ ಬರಿ.”

ಪೆನ್ನು ಹಿಡಿಯಲು ಅವಳ ಬೆರಳಲ್ಲಿ ಬಲವಿರಲಿಲ್ಲ. ಆ ಕೈಯನ್ನು ತನ್ನ ಕೈಯೊಳಗೆ ಹಿಡಿದು ಅವನು ಮಸುಕಿನ ಮೇಲೆ ಕಣ್ಣು, ಮೂಗು, ಬಾಯಿ ಬರೆದ. “ಹಲ್ಲು ಒಂದು ಬಿದ್ದಿದೆ, ಅದನ್ನ ಬರೀಬೇಡ” ಎಂದು ಅವಳು ನಕ್ಕಳು. ಅವನಿಗೆ ಅಳು ತಡೆಯಲಾಗಲಿಲ್ಲ.

ಮರುದಿನ ಅವನು ವರದಿಗಾರ್ತಿಯನ್ನು ಆ ಮನೆಗೆ ಕರೆದೊಯ್ದ. ಅವಳು ಮೊದಲು ಒಪ್ಪಿಗೆ ಕೇಳಿದಳು, ಆಮೇಲೆ ಕೂತು ಕೇಳಿಸಿಕೊಂಡಳು. ಸತ್ತ ಮಗುವಿನ ತಾಯಿಯ ಮಾತನ್ನೂ ಅಕ್ಕನ ಮಾತನ್ನೂ ಸೇರಿಸಿ ಉದ್ದಕ್ಕೆ ಬರೆದಳು. “ಹಳೇ ಸುದ್ದಿ ಆಯ್ತಲ್ಲಮ್ಮಾ ಇದು” ಎಂದು ಸಂಪಾದಕರು ಅದನ್ನು ನಾಲ್ಕು ಸಾಲಿಗೆ ಇಳಿಸಿ ಒಳಪುಟಕ್ಕೆ ತಳ್ಳಿದರು. ಪುಟ ಕಟ್ಟುವವನು ಅದರ ಶೀರ್ಷಿಕೆಯಿಂದ ‘ಪ್ರಯೋಗಪಶು’ ಎಂಬ ಪದವನ್ನು ತೆಗೆದು ‘ಮಕ್ಕಳು’ ಎಂದಷ್ಟೇ ಇಟ್ಟ. ಯಾರೂ ಗಮನಿಸಲಿಲ್ಲ.

ಈ ಸಲ ಮಗಳ ಮುಖ ತೋರಿಸಲು ಅಕ್ಕ ಒಪ್ಪಿದ್ದಳು. ಚಿತ್ರಕ್ಕೆ ಜಾಗವಿರಲಿಲ್ಲ.